ಠಾಣೆಯಲ್ಲಿನ ತಪ್ಪೊಪ್ಪಿಗೆ: ನ್ಯಾಯಾಲಯ ಒಪ್ಪುವುದೆಷ್ಟು?

‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲಿಲ್ಲದ ಅಪರಾಧ ಸುದ್ದಿ ಅಪರೂಪ. ಓದುಗರ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿದಂತೆ. ಆದರೆ ಪೊಲೀಸರ ಮುಂದೆ ಆಡಿದ ಆ ಮಾತಿಗೆ ನ್ಯಾಯಾಲಯದಲ್ಲಿ ಬಹುಮಟ್ಟಿಗೆ ಬೆಲೆಯೇ ಇಲ್ಲ.

ಈ ಅಪನಂಬಿಕೆ ಬ್ರಿಟಿಷರ ಕಾಲದ್ದು. ಪೊಲೀಸ್ ಮತ್ತು ಕಂದಾಯ ಸಿಬ್ಬಂದಿಯ ಚಿತ್ರಹಿಂಸೆಯನ್ನು 1855ರಲ್ಲಿ ಮದರಾಸಿನ ಆಯೋಗವೊಂದು ಬಯಲಿಗೆಳೆದಿತ್ತು. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮೂಡಿದ ನಿರ್ಬಂಧವನ್ನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಕಾಯ್ದೆ ಮುಂದುವರಿಸಿತು. ಅದರ ಕಲಂ 25ರ ಪ್ರಕಾರ ಪೊಲೀಸ್ ಅಧಿಕಾರಿಗೆ ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಪೊಲೀಸ್ ವಶದಲ್ಲಿದ್ದಾಗ ಬೇರೆ ಯಾರ ಬಳಿ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಅಲ್ಲದಿದ್ದರೆ, ಅದೂ ಸಲ್ಲದು ಎನ್ನುತ್ತದೆ ಕಲಂ 26. ಆ ಕಾಯ್ದೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಕಲಂ 23ರಲ್ಲಿ ಇದನ್ನೇ ಉಳಿಸಿಕೊಂಡಿದೆ.

ಉಳಿದಿರುವ ಕಿಂಡಿಯೆಂದರೆ ಹಳೆಯ ಕಲಂ 27. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ತೋಟವೊಂದರಲ್ಲಿ ಪಂಪ್‌ಸೆಟ್ ಕಳವಾಯಿತೆಂದು ಇಟ್ಟುಕೊಳ್ಳೋಣ. ‘ಪಂಪ್ ಕದ್ದವನು ನಾನೇ, ಹಳ್ಳದ ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂದು ಬಂಧಿತ ಹೇಳುತ್ತಾನೆ. ಪೊಲೀಸ್ ಕಡತದಲ್ಲಿ ಇದರ ಹೆಸರು ‘ಸ್ವಇಚ್ಛಾ ಹೇಳಿಕೆ’. ಇಚ್ಛೆ ಯಾರದ್ದೆಂಬುದು ಬೇರೆ ಪ್ರಶ್ನೆ. ಪಂಚರ ಎದುರು ಮಹಜರು ನಡೆದು ಪಂಪ್ ಸಿಕ್ಕರೆ, ಬಚ್ಚಿಟ್ಟ ಜಾಗದ ಕುರಿತಾದ ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ‘ಕದ್ದವನು ನಾನೇ’ ಎಂಬುದು ಆಗುವುದಿಲ್ಲ. ಗುಂಟೂರು ಜಿಲ್ಲೆಯ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಎಳೆದ ಈ ಗೆರೆಯನ್ನು ನ್ಯಾಯಾಲಯಗಳು ಇಂದಿಗೂ ಅನುಸರಿಸುತ್ತಿವೆ. ಜಾಗ ಪೊಲೀಸರಿಗೆ ಮೊದಲೇ ತಿಳಿದಿದ್ದರೆ ಆ ಮಾತೂ ನಿಷ್ಪ್ರಯೋಜಕ. ಹೀಗಾಗಿ, ವಸ್ತುವನ್ನು ಆರೋಪಿ ತೋರಿಸಿದನೇ ಅಥವಾ ಪೊಲೀಸರೇ ತಂದಿಟ್ಟರೇ ಎಂಬುದರ ಸುತ್ತಲೇ ಎಷ್ಟೋ ಪ್ರಕರಣಗಳ ವಾದ ಸುತ್ತುತ್ತದೆ. ಪಂಚರು ಪ್ರತಿಕೂಲ ಸಾಕ್ಷಿಗಳಾದರಂತೂ ಪ್ರಾಸಿಕ್ಯೂಷನ್ ಪಾಡು ಹೇಳತೀರದು.

ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಈ ಚರ್ಚೆಯನ್ನು ಪ್ರಯೋಗಾಲಯಕ್ಕೂ ವಿಸ್ತರಿಸಿತು. ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳು ಸಂವಿಧಾನದ 20(3)ನೇ ವಿಧಿಗೆ ವಿರುದ್ಧವೆಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಪೀಠ ತೀರ್ಪಿತ್ತಿತು. ಒಪ್ಪಿಗೆ ಇದ್ದರೂ ಪರೀಕ್ಷೆಯ ಫಲಿತಾಂಶ ಸಾಕ್ಷ್ಯವಲ್ಲ; ಅದರ ಜಾಡು ಹಿಡಿದು ದೊರೆತ ವಸ್ತು ಅಥವಾ ಮಾಹಿತಿಯನ್ನು ಕಲಂ 27ರಡಿ ಪರಿಗಣಿಸಬಹುದು.

ದೊಡ್ಡ ಅಪವಾದವೊಂದು ರಾಜ್ಯದ್ದೇ ಕಾನೂನಿನಲ್ಲಿದೆ. ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಅಂದರೆ ‘ಕೋಕಾ’ದ ಕಲಂ 19ರಡಿ ಎಸ್‌ಪಿ ಅಥವಾ ಮೇಲ್ದರ್ಜೆಯ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆ ಸಾಕ್ಷ್ಯವಾಗಬಲ್ಲದು. 2017ರ ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ ಈ ಕಾಯ್ದೆಯನ್ನು ಅನ್ವಯಿಸಲಾಗಿದೆ.

ಉಳಿದ ಪ್ರಕರಣಗಳಲ್ಲಿ ಮಾರ್ಗ ಒಂದೇ: ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ತಪ್ಪೊಪ್ಪಿಕೊಳ್ಳಬೇಕೆಂಬ ಕಡ್ಡಾಯವಿಲ್ಲ, ಒಪ್ಪಿಕೊಂಡರೆ ಅದು ತನ್ನ ವಿರುದ್ಧವೇ ಬಳಕೆಯಾಗಬಹುದು ಎಂದು ಅವರು ಆರೋಪಿಗೆ ಮೊದಲೇ ತಿಳಿಸಬೇಕು. ಆತ ಹೇಳಿಕೆ ನೀಡಲು ಒಲ್ಲೆನೆಂದರೆ ಮತ್ತೆ ಪೊಲೀಸ್ ವಶಕ್ಕೆ ಒಪ್ಪಿಸುವಂತಿಲ್ಲ.