ಊರ ಬಾಗಿಲಿನ ಹಳದಿ ಚಕ್ರ

ಕರ್ನಾಟಕದ ಸಣ್ಣ ಪಟ್ಟಣಗಳಿಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಪರಿಚಯವಿರುವ ಫಲಕವೊಂದಿದೆ. ಊರು ಇನ್ನೇನು ಶುರುವಾಗಬೇಕು ಅನ್ನುವಾಗ ರಸ್ತೆ ಪಕ್ಕದಲ್ಲಿ ನಿಂತು ಅದು ಸ್ವಾಗತ ಕೋರುತ್ತದೆ. ಅದರ ಮೇಲೆ ಹಲ್ಲಿರುವ ಹಳದಿ ಚಕ್ರ, ಇಲ್ಲವೇ ಅತ್ತ ಇತ್ತ ಮುಖ ಮಾಡಿದ ಎರಡು ಸಿಂಹ. ಮುಂದೆ ಬಸ್ ತಂಗುದಾಣ, ಅದರೊಳಗೊಂದು ಸಿಮೆಂಟ್ ಬೆಂಚು, ಬೆಂಚಿನ ಬೆನ್ನಿನ ಮೇಲೆ ಕೊಟ್ಟವರ ಹೆಸರು. ಹೆಸರಿನ ಹಿಂದೆ ‘ರೊ.’ ಅಥವಾ ‘ಲ.’ ಎಂಬ ಅಕ್ಷರ, ಅಂದರೆ ರೋಟೇರಿಯನ್ ಅಥವಾ ಲಯನ್. ಜುಲೈ 1ಕ್ಕೆ ಹೊಸ ವರ್ಷ ತೊಡಗುವ ಈ ಲೋಕದಲ್ಲಿ ಅಧ್ಯಕ್ಷಗಿರಿ ಒಂದೇ ವರ್ಷದ್ದು. ಆದ್ದರಿಂದ ಪ್ರತಿ ಮಳೆಗಾಲದಲ್ಲೂ ಊರೂರಲ್ಲಿ ‘ಪದಗ್ರಹಣ ಸಮಾರಂಭ’ ನಡೆಯುತ್ತದೆ, ಕೋಟು ಹಾಕಿದವರ ಫೋಟೊ ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ನಕ್ಕು ಪುಟ ತಿರುಗಿಸುವುದು ಸುಲಭ. ಆದರೆ ಆ ಕೋಟಿನವರು ಒಂದು ಕಾಲದಲ್ಲಿ ಮಾಡಿದ ಕೆಲಸ ಬೆಂಚಿಗಿಂತ ಬಹಳ ದೊಡ್ಡದು.

ಹಳದಿ ಚಕ್ರದ ಕ್ಲಬ್ಬು ಹುಟ್ಟಿದ್ದು ಷಿಕಾಗೊದಲ್ಲಿ, 1905ರ ಫೆಬ್ರವರಿ 23ರಂದು. ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ ಒಂದು ಕಚೇರಿಯಲ್ಲಿ ಕೂತರು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬುದು ಮೊದಲ ಕಟ್ಟಳೆ. ಇದರಲ್ಲಿ ಪರೋಪಕಾರವೇನೂ ಇರಲಿಲ್ಲ: ಪೈಪೋಟಿಯಿಲ್ಲದೆ ಒಬ್ಬರಿಗೊಬ್ಬರು ಗಿರಾಕಿಯಾಗುವ ಉಪಾಯ ಅಷ್ಟೆ. ಎರಡು ವರ್ಷದ ಬಳಿಕ ಅವರು ಕೈಗೆತ್ತಿಕೊಂಡ ಮೊದಲ ಸೇವೆ, ಷಿಕಾಗೊ ನಗರಕ್ಕೊಂದು ಸಾರ್ವಜನಿಕ ಶೌಚಾಲಯ. ಅದೇ ಊರಿನ ವಿಮಾ ಏಜೆಂಟ್ ಮೆಲ್ವಿನ್ ಜೋನ್ಸ್ 1917ರಲ್ಲಿ ಸಿಂಹದ ಗುರುತಿನ ಲಯನ್ಸ್ ಕಟ್ಟಿದ. 1925ರ ಲಯನ್ಸ್ ಸಮಾವೇಶಕ್ಕೆ ಬಂದ, ಸ್ವತಃ ಕಣ್ಣು ಕಾಣದ ಲೇಖಕಿ ಹೆಲನ್ ಕೆಲರ್, ಕಣ್ಣಿಲ್ಲದವರ ಕೈ ಹಿಡಿಯಿರೆಂದು ಕೇಳಿಕೊಂಡರು. ಕಣ್ಣು ಲಯನ್ಸ್ ಪಾಲಿಗೆ ಬಂದದ್ದು ಅಲ್ಲಿಂದ.

ಭಾರತದ ಮೊದಲ ರೋಟರಿಗೆ ಸನ್ನದು ಸಿಕ್ಕಿದ್ದು ಕಲ್ಕತ್ತೆಯಲ್ಲಿ, 1920ರ ಜನವರಿ 1ಕ್ಕೆ. ಮೊದಲ ಲಯನ್ಸ್ ಬಂದದ್ದು ಮುಂಬಯಿಗೆ, 1956ರಲ್ಲಿ. ರೋಟರಿ ಬರುವ ಹೊತ್ತಿಗಾಗಲೇ ಬೆಂಗಳೂರಿಗೆ ಕ್ಲಬ್ಬಿನ ರುಚಿ ಗೊತ್ತಿತ್ತು. 1868ರಲ್ಲಿ ಶುರುವಾದ ಇಂದಿನ ಬೆಂಗಳೂರು ಕ್ಲಬ್ಬು ಆಗ ಬಿಳಿಯ ಸೈನ್ಯಾಧಿಕಾರಿಗಳದಾಗಿತ್ತು. ಯುವಕ ವಿನ್‌ಸ್ಟನ್ ಚರ್ಚಿಲ್ ತೀರಿಸದೆ ಹೋದ 13 ರೂಪಾಯಿಯ ಬಾಕಿ ಅದರ ಲೆಕ್ಕದ ಪುಸ್ತಕದಲ್ಲಿ ಇನ್ನೂ ಇದೆ. ಭಾರತೀಯರಿಗೂ ಒಂದು ಜಾಗ ಬೇಕೆಂದು ವಿಶ್ವೇಶ್ವರಯ್ಯನವರು 1917ರಲ್ಲಿ ಕಬ್ಬನ್ ಪಾರ್ಕಿನೊಳಗೆ ಸೆಂಚುರಿ ಕ್ಲಬ್ ಆರಂಭಿಸಿದರು. 1934ರಲ್ಲಿ ರೋಟರಿ ಬಂದಾಗ, ಕೂಡುವುದಕ್ಕೆ ಇಸ್ಪೀಟು, ಟೆನಿಸ್ಸುಗಳಲ್ಲದೆ ಇನ್ನೊಂದು ನೆಪವೂ ಸಿಕ್ಕಿತು.

ಸೇವೆಯನ್ನು ಅಮೆರಿಕದವರು ಬಂದು ಕಲಿಸಿದರು ಎಂದುಕೊಂಡರೆ ಮಾತ್ರ ತಪ್ಪು. ಬೆಂಗಳೂರಿನ ಹೆಂಗಸರು 1913ರಲ್ಲೇ ಮಹಿಳಾ ಸೇವಾ ಸಮಾಜ ಕಟ್ಟಿಕೊಂಡಿದ್ದರು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಅಮೆರಿಕದಲ್ಲಿ ಓದಿ ಬಂದವರೇ. ಆದರೆ ಅವರು ಕಟ್ಟಿದ್ದು ಬೇರೆ ಬಗೆಯ ಪಡೆ. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹೋದ ಅವರ ಹುಬ್ಬಳ್ಳಿಯ ಹುಡುಗರು ಜೈಲಿನಲ್ಲಿ ಕ್ಷಮಾಪಣೆ ಬರೆದುಕೊಡಲಿಲ್ಲ. ಆ ಶಿಸ್ತನ್ನು ಮೆಚ್ಚಿದ ಕಾಂಗ್ರೆಸ್, ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಹರ್ಡೀಕರರ ಸೇವಾದಳಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಸೇವಾದಳದ ಉಮಾಬಾಯಿ ಕುಂದಾಪುರ ಸ್ವಯಂಸೇವಕಿಯರ ತಂಡವನ್ನೇ ಕಟ್ಟಿದರು. ಅವರಲ್ಲಿ ವಿಧವೆಯರೂ ಇದ್ದರು. ಆದರೆ ರೋಟರಿ ಹೆಂಗಸರಿಗೆ ಬಾಗಿಲು ತೆರೆದದ್ದು 1989ರಲ್ಲಿ, ಅದೂ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬಂದು ಎರಡು ವರ್ಷದ ಮೇಲೆ. ಅಲ್ಲಿಯವರೆಗೆ ನಮ್ಮ ಪಟ್ಟಣಗಳಲ್ಲಿ ರೋಟೇರಿಯನ್ನರ ಹೆಂಡಂದಿರಿಗೆ ಇನ್ನರ್‌ವೀಲ್, ಲಯನ್ನರ ಹೆಂಡಂದಿರಿಗೆ ಲಯನೆಸ್.

ಇನ್ನು ಕಣ್ಣಿನ ಕಥೆ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1940ರ ದಶಕದಲ್ಲಿ ಊರಿಂದೂರಿಗೆ ಹೋಗಿ ಪೊರೆ ತೆಗೆಯತೊಡಗಿದರು. ಶಾಲೆಯೋ ಛತ್ರವೋ ಆಸ್ಪತ್ರೆಯಾಗುತ್ತಿತ್ತು. ಸಾಲಾಗಿ ಮೇಜು, ಒಬ್ಬರ ಕಣ್ಣು ಮುಗಿದರೆ ವೈದ್ಯರೇ ಪಕ್ಕದ ಮೇಜಿಗೆ. ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದರೆಂಬುದು ಗಿನ್ನೆಸ್ ದಾಖಲೆ. 1993ರ ಹೊತ್ತಿಗೆ ಒಟ್ಟು ಲೆಕ್ಕ 6 ಲಕ್ಷ ದಾಟಿತ್ತು. ಬೆಂಗಳೂರಿನ ಪಶ್ಚಿಮ ಕಾರ್ಡ್ ರಸ್ತೆಯ ಆಚೆ ‘ಮೋದಿ ಆಸ್ಪತ್ರೆ’ ಎಂದು ಬಸ್ಸಿನವರು ಕೂಗುವ ನಿಲ್ದಾಣ ಇವರದೇ ಹೆಸರಿನದು.

ವೈದ್ಯರು ಬರುವುದೇನೋ ಸರಿ, ಮಿಕ್ಕಿದ್ದೆಲ್ಲ ಊರಿನ ಪಾಲು. ಹಳ್ಳಿಗಳಲ್ಲಿ ಸಾರಬೇಕು, ಮುದುಕರನ್ನು ಕರೆತರಬೇಕು, ಅವರ ಜೊತೆಗೆ ಬಂದವರಿಗೂ ಊಟ ಹಾಕಬೇಕು. ಆಗಿನ ವಿಧಾನದಲ್ಲಿ ಪೊರೆ ತೆಗೆದ ಮೇಲೆ ತಲೆ ಅಲ್ಲಾಡಿಸದೆ ದಿನಗಟ್ಟಲೆ ಮಲಗಬೇಕಿತ್ತು, ಕೆಮ್ಮಿದರೂ ಅಪಾಯ. ಹೀಗಾಗಿ ನೂರಾರು ಜನರಿಗೆ ಚಾಪೆ, ಬೆಳಕು, ನೀರು, ಕಾವಲು. ಪಟ್ಟಿ ಬಿಚ್ಚಿದ ಮೇಲೆ ಸೋಡಾಬುಡ್ಡಿ ಕನ್ನಡಕ. ಷಿಕಾಗೊದ ಆ ಹಳೆಯ ಕಟ್ಟಳೆ ತನಗೇ ಗೊತ್ತಿಲ್ಲದಂತೆ ಕೆಲಸಕ್ಕೆ ಬಂದದ್ದು ಇಲ್ಲಿ. ಕಸುಬಿಗೊಬ್ಬರಂತೆ ಸೇರಿದ ಕ್ಲಬ್ಬಿನಲ್ಲಿ ಅಕ್ಕಿ ಗಿರಣಿಯವನಿದ್ದ, ಲಾರಿ ಮಾಲೀಕನಿದ್ದ, ಔಷಧ ಅಂಗಡಿಯವನಿದ್ದ, ಹೈಸ್ಕೂಲಿನ ಹೆಡ್‌ಮಾಸ್ಟರರಿದ್ದರು, ಬ್ಯಾಂಕಿನ ಮ್ಯಾನೇಜರಿದ್ದರು. ಅಕ್ಕಿ, ಲಾರಿ, ಹತ್ತಿ, ಕಟ್ಟಡ, ಲೆಕ್ಕ ಎಲ್ಲವೂ ಒಂದೇ ಕೋಣೆಯಲ್ಲಿ. ಗಿರಾಕಿ ಹಿಡಿಯಲು ಹೂಡಿದ ಉಪಾಯ ನಮ್ಮ ತಾಲ್ಲೂಕು ಊರುಗಳಲ್ಲಿ ವಾರದ ಮಟ್ಟಿಗೆ ಆಸ್ಪತ್ರೆ ಎಬ್ಬಿಸುವ ಶಕ್ತಿಯಾಯಿತು. ಇದು ಅಮೆರಿಕದ ಕ್ಲಬ್ಬಿಗೆ ಕನ್ನಡ ನಾಡು ಸೇರಿಸಿದ ಅಧ್ಯಾಯ ಎಂದರೆ ಅತಿಯಾಗದು.

ಇಂಥ ಕಣ್ಣಿನ ಶಿಬಿರಗಳಿಗೆ ಕೆಟ್ಟ ಮುಖವೂ ಇತ್ತು. ಶಾಲೆಯ ಕೋಣೆ ಎಷ್ಟು ತೊಳೆದರೂ ಶಾಲೆಯ ಕೋಣೆಯೇ. ಸೋಂಕು ತಗುಲಿದರೆ ಇದ್ದ ಮಬ್ಬು ದೃಷ್ಟಿಯೂ ಹೋಗುತ್ತಿತ್ತು. ಕಣ್ಣೊಳಗೇ ಮಸೂರ ಕೂರಿಸುವ ವಿಧಾನ ಬಂದ ಮೇಲೆ ಸೂಕ್ಷ್ಮದರ್ಶಕ, ಶುದ್ಧ ಕೋಣೆ ಇಲ್ಲದೆ ಆಗುವ ಕೆಲಸವೂ ಅದಾಗಿರಲಿಲ್ಲ. 1976ರಲ್ಲಿ ಶುರುವಾಗಿದ್ದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 90ರ ದಶಕದಲ್ಲಿ ದಿಕ್ಕು ಬದಲಿಸಿತು: ಊರಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ. ರೋಗಿಗೆ ಇದರಿಂದ ಒಳ್ಳೆಯದೇ ಆಯಿತು. ಕ್ಲಬ್ಬಿಗೆ ಉಳಿದದ್ದು ಬ್ಯಾನರ್ ಕಟ್ಟಿ, ಹೆಸರು ಬರೆದುಕೊಂಡು, ವ್ಯಾನು ಹತ್ತಿಸುವ ಕೆಲಸ. ನೆನಪಿನ ಕಾಣಿಕೆಗಳು, ಶಾಲು, ಹಾರ ಹೆಚ್ಚಿದ್ದು ಈ ಬಿಡುವಿನಲ್ಲೇ ಇರಬೇಕು.

ಕ್ಲಬ್ಬಿಗೆ ದೊಡ್ಡ ಕೆಲಸ ಉಳಿಯಲಿಲ್ಲ ಎಂಬುದಕ್ಕೆ ಪೋಲಿಯೊ ಅಪವಾದ. 1985ರಲ್ಲಿ ರೋಟರಿ ಜಗತ್ತಿನಿಂದಲೇ ಪೋಲಿಯೊ ಓಡಿಸುವ ಸಂಕಲ್ಪ ಮಾಡಿತು. ಭಾರತದಲ್ಲಿ ಪಲ್ಸ್ ಪೋಲಿಯೊ 1995ರ ಡಿಸೆಂಬರಿನಲ್ಲಿ ಆರಂಭವಾದಾಗ ಬೂತುಗಳಿಗೆ ಬ್ಯಾನರು, ಊಟ, ವಾಹನ ಒದಗಿಸಿದವರಲ್ಲಿ ಈ ಕ್ಲಬ್ಬುಗಳೂ ಇದ್ದವು. ಬಿಸಿಲಲ್ಲಿ ಮನೆ ಮನೆ ಸುತ್ತಿ ಮಗುವಿನ ಕಿರುಬೆರಳಿಗೆ ಮಸಿ ಹಚ್ಚಿದವರು ಅಂಗನವಾಡಿಯವರು ಮತ್ತು ಆರೋಗ್ಯ ಸಹಾಯಕಿಯರು ಎಂಬುದನ್ನು ಫಲಕಗಳು ಹೇಳುವುದಿಲ್ಲ. 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೊ ಕಂಡಿಲ್ಲ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು.

ಇಷ್ಟೆಲ್ಲ ಆದದ್ದು ಗಿರಣಿಯವನಿಗೆ ಹೆಡ್‌ಮಾಸ್ಟರರ ಗುರುತಿದ್ದ ಊರುಗಳಲ್ಲಿ. ಬೆಂಗಳೂರಿನ ಉತ್ತರಕ್ಕಿರುವ ಅಟ್ಟೂರಿನಂಥ ಕಡೆ ಏನಾಗುತ್ತದೆ? ಯಲಹಂಕದ ಪಕ್ಕದ ಈ ಹಳ್ಳಿ ಪಟ್ಟಣವಾಗದೆಯೇ ನಗರವಾಗಿಬಿಟ್ಟಿತು. ಕರ್ನಾಟಕ ಗೃಹ ಮಂಡಳಿ ಮಗ್ಗುಲಲ್ಲೇ ಉಪನಗರ ಕಟ್ಟಿತು. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಉದ್ಘಾಟನೆಯಾಯಿತು. ಮದರ್ ಡೇರಿ ಬಂತು. 2007ರಲ್ಲಿ ಯಲಹಂಕ ನಗರಸಭೆ ಬೆಂಗಳೂರಿನ ಮಹಾನಗರ ಪಾಲಿಕೆ ಬಿಬಿಎಂಪಿಯಲ್ಲಿ ಸೇರಿಹೋದ ಮೇಲೆ ಅಟ್ಟೂರು 3ನೇ ವಾರ್ಡಾಯಿತು. ಬಡಾವಣೆಯಲ್ಲಿ ಪಕ್ಕದ ಮನೆಯವರ ಕಸುಬೇನೆಂದು ತಿಳಿಯಲು ವರ್ಷ ಬೇಕು. ಕಣ್ಣು ತೋರಿಸಲು ಶಿಬಿರಕ್ಕೆ ಕಾಯಬೇಕಾಗಿಯೂ ಇಲ್ಲ.

ಇಲ್ಲಿ ಜನರನ್ನು ಕೂಡಿಸಿದ್ದು ಕೆರೆ. ಅಟ್ಟೂರು ಕೆರೆ ಒಂದು. ಹತ್ತಿರದಲ್ಲೇ ಪುಟ್ಟೇನಹಳ್ಳಿ ಕೆರೆ ಇನ್ನೊಂದು. ಜೆ.ಪಿ. ನಗರದ ಪುಟ್ಟೇನಹಳ್ಳಿ ಬೇರೆ, ಇದು ಬೇರೆ. 40 ಎಕರೆಗಿಂತ ಚಿಕ್ಕದಾದ ಈ ಕೆರೆಗೆ ಹಾವಕ್ಕಿ, ನೇರಳೆ ಬಕಗಳು ಬರುವುದನ್ನು ದುರ್ಬೀನು ಹಿಡಿದವರು ಗುರುತಿಸುತ್ತ ಬಂದರು. ಸುತ್ತಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು ಕೆರೆಯ ಬೆನ್ನಿಗೆ ನಿಂತರು. 2015ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅರ್ಜಿ ಬರೆಯಬಲ್ಲವರು, ನಕ್ಷೆ ಓದಬಲ್ಲವರು, ಹಕ್ಕಿ ಬಲ್ಲವರು, ಕಚೇರಿಯ ಮೆಟ್ಟಿಲು ಹತ್ತಲು ಬೇಸರಿಸದವರು: ಇಂಥ ಕೆಲಸಕ್ಕೂ ಬಗೆಗೊಬ್ಬರು ಬೇಕು. ಕೋಟು, ಪದಗ್ರಹಣ ಇಲ್ಲದ ಕ್ಲಬ್ಬು ಎಂದರೂ ನಡೆಯುತ್ತದೆ.

ಇದನ್ನು ಪೂರ್ವಿಕರ ಕೆರೆ ಸೇವೆಯ ಮುಂದುವರಿಕೆ ಎನ್ನುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಬಿತ್ತುವಟ್ಟದ ಭೂಮಿ ಸಿಗುತ್ತಿತ್ತು. ಹೂಳು ಹೊರುವ ಕೆರೆಬಂಡಿಗೆ ದತ್ತಿ ಬಿಟ್ಟ ಶಾಸನಗಳಿವೆ. ತೂಬು ಎತ್ತುವ ನೀರಗಂಟಿಗೆ ಇನಾಮು ಇತ್ತು. ಕೆಳಜಾತಿಯವರ ಬಿಟ್ಟಿ ದುಡಿಮೆಯೂ ಅದರೊಳಗೆ ಸೇರಿತ್ತು. ಇಂದಿನ ಕೆರೆ ಬಳಗಕ್ಕೆ ಭೂಮಿಯಿಲ್ಲ, ಇನಾಮಿಲ್ಲ, ಹಲವು ಕಡೆ ಕಾಗದದ ಆಧಾರವೂ ಗಟ್ಟಿಯಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿಯವರು 2011ರಲ್ಲಿ ಬಿಬಿಎಂಪಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ ಕೆರೆಯ ನಿರ್ವಹಣೆ ವಹಿಸಿಕೊಂಡಾಗ ಇತರ ಬಳಗಗಳಿಗೂ ದಾರಿ ಕಂಡಿತ್ತು. ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ವಹಿಸುವುದಕ್ಕೆ 2020ರ ಮಾರ್ಚಿನಲ್ಲಿ ಹೈಕೋರ್ಟ್ ತಡೆ ಹಾಕಿತು; ಆ ಬಿಸಿ ನಾಗರಿಕರ ಒಪ್ಪಂದಗಳಿಗೂ ತಟ್ಟಿತು. ಅಟ್ಟೂರಿನ ಹತ್ತಿರದ ಪುಟ್ಟೇನಹಳ್ಳಿ ಸಂರಕ್ಷಣಾ ಮೀಸಲು ಆಗಿರುವುದರಿಂದ ಅಲ್ಲಿನವರ ವ್ಯವಹಾರ ಅರಣ್ಯ ಇಲಾಖೆಯ ಜೊತೆ.