ಲೆಕ್ಕ ಎಲ್ಲಿಂದ ಶುರು? ಹಾರ್ಮೋನ್ ಚಿಕಿತ್ಸೆಯ ಅವಲೋಕನ ಅಧ್ಯಯನಗಳಲ್ಲಿ ಆರಂಭಬಿಂದುವಿನ ಪ್ರಶ್ನೆ

ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ನರ್ಸಸ್ ಹೆಲ್ತ್ ಸ್ಟಡಿ 30ರಿಂದ 55 ವರ್ಷದೊಳಗಿನ 1,21,700 ದಾದಿಯರಿಗೆ ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ಕಳಿಸುತ್ತ ಬಂದಿತು. ಋತುಬಂಧದ ನಂತರ ಹಾರ್ಮೋನ್ ಸೇವಿಸುತ್ತಿದ್ದವರಲ್ಲಿ ಹೃದ್ರೋಗ ಸುಮಾರು ಶೇ. 40ರಷ್ಟು ಕಡಿಮೆ ಎಂದು ಅದರ ವಿಶ್ಲೇಷಣೆಗಳು ಹೇಳಿದವು. 2002ರಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್‌ನ ಯಾದೃಚ್ಛಿಕ ಪ್ರಯೋಗ ಈ ನಂಬಿಕೆಯನ್ನೇ ಬುಡಮೇಲು ಮಾಡಿತು. 16,608 ಮಹಿಳೆಯರ ಪೈಕಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಪಡೆದವರಲ್ಲಿ ಹೃದ್ರೋಗದ ಅಪಾಯಾನುಪಾತ 1.29. ಸ್ತನ ಕ್ಯಾನ್ಸರ್ ಕೂಡ ಹೆಚ್ಚಿದ್ದರಿಂದ ಪ್ರಯೋಗದ ಈ ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಒಡನೆಯೇ ಸಿಕ್ಕ ವಿವರಣೆ ಎಂದರೆ ಆಯ್ಕೆಯ ದೋಷ: ಉಳ್ಳವರು, ಓದಿದವರು, ಆರೋಗ್ಯದ ಕಾಳಜಿ ಇರುವವರೇ ಹಾರ್ಮೋನ್ ತೆಗೆದುಕೊಂಡಿದ್ದರು. ಇದರಲ್ಲಿ ಹುರುಳಿಲ್ಲದಿಲ್ಲ. ಈಸ್ಟ್ರೋಜೆನ್ ಸೇವಿಸುವವರಲ್ಲಿ ಅಪಘಾತ, ಆತ್ಮಹತ್ಯೆಗಳಿಂದಾದ ಸಾವೂ ಕಡಿಮೆ ಎಂಬುದು 1980ರ ದಶಕದಲ್ಲೇ ಕಂಡಿತ್ತು. ಮಾತ್ರೆ ಅಪಘಾತವನ್ನು ತಡೆಯಲಾರದಷ್ಟೆ. ಇಂಥ ಅಸಮತೆಗೆ ರೋಸೆನ್‌ಬಾಮ್ ಮತ್ತು ರೂಬಿನ್ 1983ರಲ್ಲಿ ಮಂಡಿಸಿದ ಪ್ರೊಪೆನ್ಸಿಟಿ ಸ್ಕೋರ್ ಒಂದು ಮದ್ದು. ಆದರೆ ಅಳೆದು ದಾಖಲಿಸಿದ ಲಕ್ಷಣಗಳನ್ನು ಮಾತ್ರ ಅದು ಸರಿದೂಗಿಸಬಲ್ಲದು.

ನಮ್ಮ ಸಂಖ್ಯಾಶಾಸ್ತ್ರದ ಚರ್ಚೆ ಬಹುತೇಕ ಇಲ್ಲಿಗೇ ನಿಂತುಬಿಡುತ್ತದೆ. ದಾದಿಯರ ಅಧ್ಯಯನದ ಮಟ್ಟಿಗೆ ಇದಕ್ಕಿಂತ ದೊಡ್ಡ ತೊಡಕು ಕಾಲಗಣನೆಯದು ಎಂಬುದು ಈ ಲೇಖನದ ವಾದ.

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. 1986ರ ಪ್ರಶ್ನಾವಳಿಯಲ್ಲಿ ‘ಹಾರ್ಮೋನ್ ಇಲ್ಲ’ ಎಂದು ಬರೆದ ದಾದಿ 1987ರಲ್ಲಿ ಚಿಕಿತ್ಸೆ ಶುರುಮಾಡುತ್ತಾಳೆ. ಕೆಲವೇ ತಿಂಗಳಲ್ಲಿ, 1988ರ ಪ್ರಶ್ನಾವಳಿ ಕೈಸೇರುವ ಮೊದಲೇ, ಹೃದಯಾಘಾತವಾಗುತ್ತದೆ. ಹಿಂದಿನ ಉತ್ತರವನ್ನೇ ಆಧಾರವಾಗಿಟ್ಟರೆ ಆ ಆಘಾತ ಸೇವಿಸದವರ ಖಾತೆಗೆ ಜಮೆಯಾಗುತ್ತದೆ. ‘ಈಗ ಸೇವಿಸುತ್ತಿರುವವರು’ ಎಂಬ ಗುಂಪಿನಲ್ಲಿ ಉಳಿಯುವವರು ಮೊದಲ ತಿಂಗಳುಗಳ ಗಂಡಾಂತರ ದಾಟಿ ಬಂದವರೇ ಹೆಚ್ಚು. ಯಾದೃಚ್ಛಿಕ ಪ್ರಯೋಗದಲ್ಲಾದರೋ ಗಣನೆ ಮೊದಲ ದಿನದಿಂದಲೇ. ಎರಡೂ ಅಧ್ಯಯನಗಳಿಗೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ಈ ತಪ್ಪನ್ನು ಎಷ್ಟೇ ನಾಜೂಕಾದ ಸ್ಕೋರ್ ಹೊಂದಿಸಿದರೂ ತಿದ್ದಲಾಗದು.

ಮಿಗೆಲ್ ಹೆರ್ನಾನ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಇದೇ ದತ್ತಾಂಶವನ್ನು ಸಾಲುಸಾಲು ಪ್ರಯೋಗಗಳೆಂಬಂತೆ ಮರುಜೋಡಿಸಿದರು. ಪ್ರತಿ ‘ಪ್ರಯೋಗ’ಕ್ಕೂ ಹೊಸದಾಗಿ ಚಿಕಿತ್ಸೆ ಆರಂಭಿಸಿದವರು ಒಂದೆಡೆ, ಆರಂಭಿಸದವರು ಇನ್ನೊಂದೆಡೆ, ಆಮೇಲೆ ಬಿಟ್ಟವರನ್ನೂ ಮೂಲ ಗುಂಪಿನಲ್ಲೇ ಉಳಿಸಿಕೊಂಡು ಲೆಕ್ಕ. ಮೊದಲ ಎರಡು ವರ್ಷಗಳ ಅಪಾಯಾನುಪಾತ 1.42 ಬಂತು, ಇಡೀ ಅವಧಿಗೆ 0.96. ರಕ್ಷಣೆಯ ಶೇ. 40 ಕರಗಿಹೋಗಿತ್ತು. ದಾದಿಯರು ಅವರೇ, ದಾಖಲೆಯೂ ಅದೇ! ಈ ಅಂದಾಜುಗಳು ಯಾದೃಚ್ಛಿಕ ಪ್ರಯೋಗದವನ್ನೇ ಹೋಲುತ್ತವೆ ಎಂದು ಲೇಖಕರು ಹೇಳಿದರು.

ಆದರೂ 1.42ರ ವಿಶ್ವಾಸಾಂತರ 0.92ರಿಂದ 2.20ರವರೆಗೆ ಚಾಚಿದೆ, ಅಪಾಯ ಸಾಬೀತಾಯಿತೆಂದು ಇದೊಂದರಿಂದಲೇ ಹೇಳಲಾಗದು. ಈ ವಿಧಾನದ ಬೆಲೆಯೂ ಇದೇ: ಹೊಸದಾಗಿ ಆರಂಭಿಸಿದವರನ್ನಷ್ಟೇ ಎಣಿಸಿದಾಗ ಮಾದರಿ ತೆಳುವಾಗುತ್ತದೆ. ಅಳೆಯದ ಅಂಶಗಳ ಕಾಟವೂ ತಪ್ಪಿಲ್ಲ.

ಋತುಬಂಧವಾಗಿ 10 ವರ್ಷದೊಳಗೆ ಚಿಕಿತ್ಸೆ ಆರಂಭಿಸಿದವರಲ್ಲಿ ಅನುಪಾತ 0.84, ಉಳಿದವರಲ್ಲಿ 1.12. ಬೇಗ ಆರಂಭಿಸಿದರೆ ಹೃದಯಕ್ಕೆ ಒಳಿತು ಎಂಬ ವಾದಕ್ಕೆ ಇದನ್ನು ಒದಗಿಸುವ ಆಸೆ ಸಹಜ. ಆದರೆ ಎರಡೂ ವಿಶ್ವಾಸಾಂತರಗಳು 1ನ್ನು ಒಳಗೊಂಡಿವೆ, ಗುಂಪುಗಳ ನಡುವಣ ವ್ಯತ್ಯಾಸದ ಪಿ-ಮೌಲ್ಯ 0.08. ಇಷ್ಟರಿಂದ ಔಷಧ ಚೀಟಿ ಬರೆಯುವುದು ಆತುರವಾದೀತು.