ಮಸ್ಕಿಯ ಬಂಡೆಯಿಂದ ಕೀಲಿಮಣೆಗೆ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಶಾಸನವನ್ನು ಗುರುತಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನಂಥ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂಬುದು ಖಚಿತವಾದದ್ದು ಇಲ್ಲಿ ಅವನ ಹೆಸರೂ ಸಿಕ್ಕಿದ್ದರಿಂದ.

ಇದೇ ಸೀಮೆಯ ರೈತರ ಹೆಸರುಗಳೂ ಮುಂದೆ ಕಂಪ್ಯೂಟರಿಗೆ ಬಂದವು. ‘ಭೂಮಿ’ ಯೋಜನೆಯಡಿ 2002ರ ವೇಳೆಗೆ ಸಿಂಧನೂರು, ಲಿಂಗಸುಗೂರು ಸೇರಿದಂತೆ ರಾಜ್ಯದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಜಾಗಕ್ಕೆ ಕಂಪ್ಯೂಟರ್ ಪಹಣಿ ಬಂತು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬ್ಯಾಂಕ್ ಸಾಲಕ್ಕೆ, ಅಣ್ಣತಮ್ಮಂದಿರ ಪಾಲಿಗೆ ತೊಡಕು!

ಕನ್ನಡವನ್ನು ತಪ್ಪಿಲ್ಲದೆ ಮೂಡಿಸಲು ಕೆ.ಪಿ. ರಾವ್ ಅವರು ಸುಲಭವಾದ ಕೀಲಿಮಣೆ ವಿನ್ಯಾಸ ರೂಪಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸುವುದು ಇದನ್ನೇ. ‘ಮಸ್ಕಿ’ ಎಂದು ಬರೆಯಬೇಕೆ? ಎಂ, ಎಸ್, ಎಫ್, ಕೆ, ಐ ಕೀಲಿಗಳನ್ನು ಕ್ರಮವಾಗಿ ಒತ್ತಿ. ನಡುವಿನ ಎಫ್ ಕೀಲಿ ‘ಸ’ದ ಸ್ವರ ತೆಗೆದು ‘ಕ’ವನ್ನು ಒತ್ತಕ್ಷರವಾಗಿಸುತ್ತದೆ. ಬಾಯಲ್ಲಿ ಉಚ್ಚರಿಸಿದ ಕ್ರಮವೇ ಬೆರಳಿನ ಕ್ರಮ.

ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಅಕ್ಷರ ಕೆಡದಿರಲು ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಬಂತು. 1991ರಲ್ಲೇ ಕನ್ನಡ ಅದರಲ್ಲಿ ಸೇರಿತು. ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿ ಸೇರಿದ್ದು 2010ರಲ್ಲಿ.

ವಿದ್ಯಾರ್ಥಿಗಳೇ, ಕಂಪ್ಯೂಟರ್ ಮುಂದೆ ಕುಳಿತ ಮೊದಲ ದಿನ ನಿಮ್ಮ ಹೆಸರನ್ನೂ ತಂದೆತಾಯಿಯರ ಹೆಸರನ್ನೂ ಕನ್ನಡದಲ್ಲಿ ಬರೆದು, ಕಡತಕ್ಕೊಂದು ಹೆಸರಿಟ್ಟು ಉಳಿಸಿ. ಮನೆಗೆ ಹೋಗಿ ಪಹಣಿಯೊಂದಿಗೆ ತಾಳೆ ನೋಡಿ. ಬಂಡೆ ತಾನಾಗಿ ಉಳಿಯಿತು; ಕಡತವನ್ನು ನಾವೇ ಉಳಿಸಬೇಕು.